ಗಾಜಿನ ಮೇಲಿನ ಮೂಗುಗಳು

ಗುಟ್ಟಿನ ಮಾತಿಗೆ ಗಾಜಿನ ಕೋಣೆ ಮಂಜೂರು ಮಾಡಿದ ಮಾನ್ಯ ಶಿಕ್ಷಣಾಧಿಕಾರಿಗಳೇ,

ಇವತ್ತು ಬೆಳಿಗ್ಗೆ ಶಾಲೆಗೆ ಹೋದಾಗ ನಮ್ಮ ‘ಆಪ್ತ ಮಾತುಕತೆ ಕೊಠಡಿ’ಯ ಗಾಜಿನ ಗೋಡೆಯ ಮೇಲೆ ಮೂಗಿನ ಗುರುತುಗಳನ್ನು ಕಂಡೆ. ಎಲ್ಲವೂ ಹೊರಗಿನಿಂದ ಒತ್ತಿದವು. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕಾಣುವಂಥವು. ಕೆಳಗಿನ ಸಾಲು ಸಣ್ಣ ತರಗತಿಯವರದು, ಗುಂಡಗೆ, ಒದ್ದೆ ಒಣಗಿದ ಗುರುತು. ಅದರ ಮೇಲಿನದು ದೊಡ್ಡ ಮಕ್ಕಳದು, ಸ್ವಲ್ಪ ಉದ್ದ. ಎಲ್ಲಕ್ಕಿಂತ ಮೇಲೆ, ನನ್ನ ತಲೆಗಿಂತಲೂ ಎತ್ತರದಲ್ಲಿ, ಒಂಟಿಯಾಗಿ ಒಂದು ಭಾರಿ ಮೂಗು. ಅದರ ಎರಡೂ ಪಕ್ಕಕ್ಕೆ ಕನ್ನಡಕದ ಅಂಚು ಒತ್ತಿದ ಎರಡು ಅರ್ಧಚಂದ್ರ.

ಒದ್ದೆ ಬಟ್ಟೆ ಹಿಡಿದು ನಿಂತಿದ್ದ ನಮ್ಮ ಆಯಾ ಗೊಣಗಿದರು: “ಮನೇಲಿ ಇವರ ಮೂಗು ಇವರ ಅಮ್ಮಂದಿರು ಒರೆಸ್ತಾರೆ, ಇಲ್ಲಿ ನಾನು ಒರೆಸ್ಬೇಕು. ಅಲ್ಲ ಮೇಡಂ, ಈ ಮೇಲಿಂದು ಯಾರದ್ದು? ಇದಕ್ಕೆ ಸ್ಟೂಲ್ ಬೇಕು ನಂಗೆ!”

ನಾನು ಸ್ಟೂಲ್ ತಂದುಕೊಟ್ಟೆ.

ನನ್ನ ದೂರನ್ನು ಮೊದಲೇ ಹೇಳಿಬಿಡುತ್ತೇನೆ. ಓದಿನಲ್ಲಿ ಎಡವುತ್ತಿರುವ, ಅಥವಾ ಪಾಠದ ನಡುವೆ ಮನಸ್ಸು ಎಲ್ಲೋ ಹೋಗಿಬಿಡುವ ಮಗುವಿನೊಂದಿಗೆ ಶಿಕ್ಷಕರು ಖಾಸಗಿಯಾಗಿ ನಾಲ್ಕು ಮಾತಾಡಲಿ ಎಂದು ತಮ್ಮ ವ್ಯಾಪ್ತಿಯ ಪ್ರತಿ ಶಾಲೆಯಲ್ಲೂ ತಾವು ಕಟ್ಟಿಸಿದ ಈ ಕೋಣೆಯಲ್ಲಿ, ಆ ನಾಲ್ಕು ಮಾತು ಬಿಟ್ಟು ಉಳಿದೆಲ್ಲವೂ ಆಗುತ್ತಿದೆ. ಜಾತ್ರೆ ಸೇರುತ್ತಿದೆ. ಪಂದ್ಯ ಕಟ್ಟುತ್ತಿದ್ದಾರೆ. “ಅಳ್ತಾಳೆ ನೋಡು”, “ಇಲ್ಲ, ಅಳಲ್ಲ, ಅವಳು ಗಟ್ಟಿ” ಎಂದು ವೀಕ್ಷಕ ವಿವರಣೆ ನಡೆಯುತ್ತಿದೆ. ಕೋಣೆ ಇರುವುದು ಕುಡಿಯುವ ನೀರಿನ ನಲ್ಲಿಗಳ ಎದುರಿಗೆ. ಕೋಣೆ ಬಂದಮೇಲೆ ನಮ್ಮ ಶಾಲೆಯಲ್ಲಿ ಬಾಯಾರಿಕೆ ಬಹಳ ಹೆಚ್ಚಾಗಿದೆ.

ತಮ್ಮ ಆದೇಶವನ್ನು ಬಾಯಿಪಾಠ ಮಾಡಿದ್ದೇನೆ. ಸಾಹಿತ್ಯ ಓದಿದವಳಾದ್ದರಿಂದ ಒಳ್ಳೆಯ ಗದ್ಯ ಕಂಡರೆ ಬಿಡಲಾಗುವುದಿಲ್ಲ. ‘ವಿದ್ಯಾರ್ಥಿಯೊಂದಿಗಿನ ಯಾವುದೇ ಖಾಸಗಿ ಮಾತುಕತೆಯನ್ನು ನಿಗದಿತ ಕೊಠಡಿಯಲ್ಲಿಯೇ ನಡೆಸತಕ್ಕದ್ದು. ವಿದ್ಯಾರ್ಥಿಯನ್ನು ಧ್ವನಿವರ್ಧಕದ ಮೂಲಕ ಕರೆಯತಕ್ಕದ್ದು. ಮಾತುಕತೆಯ ಉದ್ದಕ್ಕೂ ಬಾಗಿಲ ಮೇಲಿನ ಹಳದಿ ದೀಪ ಉರಿಯತಕ್ಕದ್ದು.’ ಖಾಸಗಿ ಮಾತಿಗೆ ಧ್ವನಿವರ್ಧಕ! ಇನ್ನು ಡೋಲು ಬಾರಿಸುವವರೊಬ್ಬರನ್ನು ನೇಮಿಸಿದ್ದರೆ ವ್ಯವಸ್ಥೆ ಪರಿಪೂರ್ಣವಾಗುತ್ತಿತ್ತು.

ಧ್ವನಿವರ್ಧಕದ ಹೊಣೆ ಹೊತ್ತವರು ನಮ್ಮ ಗುಮಾಸ್ತರು. ಮಕ್ಕಳು ಅವರನ್ನು ಅಶರೀರವಾಣಿ ಎನ್ನುತ್ತಾರೆ. ಒಳ್ಳೆಯವರು. ಯೌವನದಲ್ಲಿ ನಾಟಕದಲ್ಲಿ ಪಾತ್ರ ಮಾಡಿದವರಂತೆ, ಆಮೇಲೆ ಅವಕಾಶ ಸಿಗಲಿಲ್ಲವಂತೆ. ಈಗ ತಾವು ಕೊಟ್ಟಿದ್ದೀರಿ. “ಎಂಟನೇ ತರಗತಿಯ ವಿದ್ಯಾರ್ಥಿನಿ, ಕಿಟಕಿ ಪಕ್ಕದ ಬೆಂಚು, ಗಮನದ ಕೊರತೆಯ ಸಲುವಾಗಿ, ಈ ಕೂಡಲೇ, ಆಪ್ತ ಮಾತುಕತೆಗೆ...” ಎಂದು ಅವರು ಎಳೆದು ನಿಲ್ಲಿಸಿದರೆಂದರೆ ಅಡುಗೆ ಕೋಣೆಯಲ್ಲಿ ಪಾತ್ರೆ ತೊಳೆಯುವವರೂ ನಲ್ಲಿ ನಿಲ್ಲಿಸಿ ಕೇಳುತ್ತಾರೆ.

ಹಾಗೆ ಕರೆಸಿಕೊಂಡವಳು ನನ್ನ ತರಗತಿಯ ಹುಡುಗಿ. ಕರೆಸಿದವಳು ನಾನು. ಅವಳ ಹೆಸರು ಇಲ್ಲಿ ಬರುವುದಿಲ್ಲ. ಕಿಟಕಿ, ಎಂಟನೇ ತರಗತಿ ಇವೆಲ್ಲ ಬೇರೆ ಇರಬಹುದು, ನಾನೇ ಬದಲಾಯಿಸಿರಬಹುದು. ಹುಡುಕುವ ಶ್ರಮ ತಮಗೆ ಬೇಡ.

ಆ ಹುಡುಗಿ ವರ್ಷದ ಮೊದಲಲ್ಲಿ ಚುರುಕಾಗಿದ್ದಳು. ಪಾಠದ ಮಧ್ಯೆ ಕೈ ಎತ್ತಿ ನನಗೆ ಉತ್ತರ ತೋಚದ ಪ್ರಶ್ನೆ ಕೇಳುತ್ತಿದ್ದಳು. ನಾನು ಕೆಂಪಾಗುತ್ತಿದ್ದೆ, ಅವಳಿಗೆ ಅದೊಂದು ಖುಷಿ. ಆಮೇಲೆ ಕೈ ಏಳುವುದು ನಿಂತಿತು. ಕಣ್ಣು ಹೊರಗೆ ಹೋಯಿತು. ಗಣಿತದ ಸರ್ ತಮ್ಮ ಎಂದಿನ ಔಷಧ ಪ್ರಯೋಗಿಸಿದರು: ಬೋರ್ಡಿನ ಹತ್ತಿರದಿಂದಲೇ, “ಏನಮ್ಮಾ ತಾಯಿ, ಹೊರಗೆ ಸಿನಿಮಾ ಬಿಟ್ಟಿದ್ದಾರಾ? ನಮಗೂ ಒಂದು ಟಿಕೆಟ್ ತೆಗೀ!” ತರಗತಿಯೆಲ್ಲ ನಕ್ಕಿತು. ಅವಳೂ ನಕ್ಕಳು. ತುಟಿ ಮಾತ್ರ ನಕ್ಕಿತು. ಇಂಥ ನಗು ನನಗೆ ಚೆನ್ನಾಗಿ ಗೊತ್ತು. ನಾಚಿಕೆಯವರು ಬದುಕಿರುವುದೇ ಅದರ ಮೇಲೆ.

ಅವಳೊಂದಿಗೆ ಮಾತಾಡಬೇಕು ಅನ್ನಿಸಿತು. ನಾನು ಕೆಲಸಕ್ಕೆ ಹೊಸಬಳು, ತಮ್ಮ ಆದೇಶದ ಮೇಲೆ ಭಕ್ತಿ. ಗುಮಾಸ್ತರಿಗೆ ಹೇಳಿದೆ. ಅಶರೀರವಾಣಿ ಮೊಳಗಿತು. ಹಳದಿ ದೀಪ ಹತ್ತಿತು. ನಾವಿಬ್ಬರೂ ಎದುರುಬದುರು ಕುರ್ಚಿಗಳಲ್ಲಿ ಕೂತೆವು, ಮಧ್ಯೆ ಮೇಜು, ಮೇಜಿನ ಮೇಲೆ ತಾವು ಕಳುಹಿಸಿದ ಪ್ಲಾಸ್ಟಿಕ್ ಹೂವು.

“ಏನಾದ್ರೂ ತೊಂದರೆ ಇದೆಯಾ?” ಎಂದೆ.

“ಏನಿಲ್ಲ ಮಿಸ್.”

“ಯಾಕೆ ಗಮನ ಇಲ್ಲ?”

“ಇದೆ ಮಿಸ್.”

“ಏನಾದ್ರೂ ಇದ್ರೆ ಧೈರ್ಯವಾಗಿ ಹೇಳು. ಇದು ನಮ್ಮಿಬ್ಬರ ಮಧ್ಯೆ ಮಾತ್ರ.”

ಅವಳು ನಿಧಾನವಾಗಿ ಗಾಜಿನ ಕಡೆ ತಿರುಗಿದಳು. ಹೊರಗೆ ಅವಳ ತರಗತಿಯ ಅರ್ಧ, ಕೆಳತರಗತಿಯ ಒಂದು ಸಾಲು, ಕೈಯಲ್ಲಿ ನೀರಿನ ಲೋಟ ಹಿಡಿದು ಕುಡಿಯುವುದನ್ನೇ ಮರೆತವರು. ಅವಳು ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದಳು: “ಯಾವ ನಮ್ಮಿಬ್ಬರು ಮಿಸ್?”

ಮಾನ್ಯರೇ, ಆ ಪ್ರಶ್ನೆಯನ್ನು ತಮಗೆ ರವಾನಿಸುತ್ತಿದ್ದೇನೆ.

ಅವತ್ತಿನಿಂದ ಅವಳಿಗೆ ‘ಬಲ್ಬು’ ಎಂದು ಹೆಸರು ಬಿತ್ತು. ಅವಳೊಬ್ಬಳಿಗೇ ಅಲ್ಲ, ಆ ಕೋಣೆ ಹೊಕ್ಕವರಿಗೆಲ್ಲ ಅದೇ ಬಿರುದು. “ದಾರಿ ಬಿಡ್ರೋ, ಬಲ್ಬು ಬಂತು!” ಆಟದ ಮೈದಾನದಲ್ಲಿ ಕೇಳಿದ್ದೇನೆ. ಅವಳು ಹೊರಗೆ ನೋಡುವುದನ್ನೂ ನಿಲ್ಲಿಸಿದಳು. ಈಗ ಬೆಂಚನ್ನು ನೋಡತೊಡಗಿದಳು. ತಮ್ಮ ಲೆಕ್ಕದಲ್ಲಿ ಇದನ್ನು ಸುಧಾರಣೆ ಎನ್ನುತ್ತಾರೋ ಏನೋ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಗಾಜು ಏಕೆ ಹಾಕಿಸಿದಿರಿ ಎಂಬುದು ನನಗೆ ಅರ್ಥವಾಗುತ್ತದೆ. ಮುಚ್ಚಿದ ಬಾಗಿಲ ಹಿಂದೆ ಮಗುವೊಂದನ್ನು ದೊಡ್ಡವರೊಬ್ಬರ ಜೊತೆ ಕೂರಿಸುವುದು ತಪ್ಪು. ಅದನ್ನು ತಡೆಯಲು ತಾವು ಯೋಚಿಸಿದ್ದೀರಿ, ಅದಕ್ಕೆ ಮನಃಪೂರ್ವಕ ಗೌರವ. ಆದರೆ ಕಣ್ಣಿಗೆ ಕಾಣುವಂತಿರುವುದು ಬೇರೆ, ಊರಿಗೆಲ್ಲ ಸಾರುವುದು ಬೇರೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರು ಗೆಳತಿಯರು ಕೂತು ಜನ್ಮದ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತಾರೆ. ನೂರು ಜನ ಅವರನ್ನು ನೋಡುತ್ತಾರೆ, ಒಬ್ಬರೂ ಕೇಳಿಸಿಕೊಳ್ಳುವುದಿಲ್ಲ. ಅವರ ತಲೆಯ ಮೇಲೆ ಒಂದು ಹಳದಿ ದೀಪ ಹಚ್ಚಿ ನೋಡಿ, ಬಸ್ಸು ಬಂದರೂ ಜನ ಹತ್ತುವುದಿಲ್ಲ.

ನಮ್ಮ ಮನೆಯ ವಿಷಯ ಹೇಳುತ್ತೇನೆ, ಪುರಾವೆಯೆಂದು ತೆಗೆದುಕೊಳ್ಳಿ. ನಮ್ಮದು ಮಾತು ಕಡಿಮೆಯ ಮನೆ. ಊಟಕ್ಕೆ ಕೂತರೆ ತಟ್ಟೆಯ ಸದ್ದೇ ಹೆಚ್ಚು. ಆದರೂ ನಮ್ಮ ಮನೆಯ ದೊಡ್ಡ ಸುದ್ದಿಗಳೆಲ್ಲ ಒಂದು ಕೆಲಸದ ನಡುವೆಯೇ ಹೊರಬಿದ್ದಿವೆ: ಒಣಗಿದ ಹೊದಿಕೆ ಮಡಿಸುವಾಗ. ಹೊದಿಕೆಗೆ ಎರಡು ಜನ ಬೇಕು. ಆ ತುದಿ ಒಬ್ಬರು, ಈ ತುದಿ ಒಬ್ಬರು. ಕಣ್ಣು ಮೂಲೆಗಳ ಮೇಲಿರುತ್ತದೆ, ಮುಖದ ಮೇಲಲ್ಲ. ಮೂಲೆ ಸೇರಿಸಲು ಹತ್ತಿರ ಬರುತ್ತೇವೆ, ಆಗ ಒಂದು ಮಾತು. ಮತ್ತೆ ದೂರ ಹೋಗುತ್ತೇವೆ, ಆಗ ಯೋಚನೆಗೆ ಸಮಯ. ಅಕ್ಕ ತಾನು ಪರೀಕ್ಷೆಯಲ್ಲಿ ನಪಾಸಾದದ್ದನ್ನು ಹೇಳಿದ್ದು ಹಾಗೆ. ಒಬ್ಬನನ್ನು ಇಷ್ಟಪಟ್ಟದ್ದನ್ನು ಹೇಳಿದ್ದೂ ಹಾಗೆಯೇ, ಅವತ್ತು ಅಮ್ಮ ತನ್ನ ತುದಿ ಕೈಬಿಟ್ಟು, “ಹಿಡ್ಕೊಳೇ, ನೆಲಕ್ಕೆ ತಾಗ್ತಿದೆ!” ಎಂದು ಅವಳಿಗೇ ಗದರಿದಳು. ಆಮೇಲೆ ಇಬ್ಬರೂ ನಕ್ಕರು. ಹೊದಿಕೆಯನ್ನು ಮತ್ತೆ ಒಗೆಯಬೇಕಾಯಿತು. ಮದುವೆಯೂ ಆಯಿತು.

ಶಾಲೆಯಲ್ಲಿ ಹೊದಿಕೆ ಎಲ್ಲಿಂದ ಬರಬೇಕು? ಆದರೆ ವೇದಿಕೆಯ ಪರದೆ ಇತ್ತು. ವಾರ್ಷಿಕೋತ್ಸವ ಮುಗಿದು ಬಹಳ ದಿನವಾಗಿದ್ದರೂ ಅದು ಸಭಾಂಗಣದ ಕುರ್ಚಿಗಳ ಮೇಲೆ ಬಿದ್ದುಕೊಂಡಿತ್ತು. ಕಡುಗೆಂಪು, ಭಾರ, ಧೂಳು. ಮಡಿಸಿಡುವುದು ಯಾರ ಕೆಲಸವೆಂದು ತೀರ್ಮಾನವಾಗಿರಲಿಲ್ಲ. ಒಂದು ದಿನ ಪದ್ಯ ಓದುತ್ತಾ ಬೆಂಚುಗಳ ನಡುವೆ ಓಡಾಡುವಾಗ ಅವಳ ಬಳಿ ನಿಂತೆ. ಪುಟದ ಮೇಲೆ ಬೆರಳಿಟ್ಟು, ನಾವು ಎಲ್ಲಿದ್ದೇವೆಂದು ತೋರಿಸುವವಳಂತೆ ಬಾಗಿ, ಮೆಲ್ಲಗೆ ಕೇಳಿದೆ: “ಒಂದು ಪರದೆ ಮಡಿಸ್ಬೇಕು. ಕೈ ಕೊಡ್ತೀಯಾ?”

“ಈಗ್ಲಾ ಮಿಸ್?”

“ನಿನ್ನಿಷ್ಟ. ಬಿಡುವಾದಾಗ. ಆಗಲ್ಲ ಅಂದ್ರೂ ಪರವಾಗಿಲ್ಲ.”

ಊಟದ ಬಿಡುವಿನಲ್ಲಿ ಅವಳೇ ಬಂದಳು. ಸಭಾಂಗಣದ ಬಾಗಿಲುಗಳೆಲ್ಲ ತೆರೆದಿದ್ದವು. ಆಟದ ಮೇಷ್ಟ್ರು ಚೆಂಡುಗಳ ಚೀಲ ಹೊತ್ತು ಆಚೀಚೆ ಓಡಾಡುತ್ತಿದ್ದರು. ನಮ್ಮನ್ನು ಬೇಕಾದವರು ನೋಡಬಹುದಿತ್ತು. ಯಾರೂ ನೋಡಲಿಲ್ಲ. ಪರದೆ ಮಡಿಸುವವರನ್ನು ನಿಂತು ನೋಡುವಷ್ಟು ಬಾಯಾರಿಕೆ ಯಾರಿಗಿದೆ?

ತುದಿ ಹಿಡಿದು ದೂರ ನಿಂತೆವು. ನಡೆದು ಬಂದು ಮೂಲೆ ಸೇರಿಸುವಾಗ ಹೇಳಿದೆ: “ನೀನು ಹೊರಗೆ ನೋಡ್ತಿದ್ದದ್ದು ಬೆಳಗಿನ ಬಿಡುವು ಮುಗಿದ ಮೇಲೆ ಮಾತ್ರ. ಅದಕ್ಕೆ ಮುಂಚೆ ನೋಡ್ತಿರ್ಲಿಲ್ಲ.”

‘ಯಾಕೆ’ ಎಂದು ಕೇಳಲಿಲ್ಲ. ಗಾಜಿನ ಕೋಣೆಯಲ್ಲಿ ಕೇಳಿ ಪಾಠ ಕಲಿತಿದ್ದೆ. ಆ ಪ್ರಶ್ನೆ ಮಗುವಿನ ಕಿವಿಗೆ ಬೈಗುಳದ ಹಾಗೆಯೇ ಕೇಳಿಸುತ್ತದೆ. ಕಂಡದ್ದನ್ನಷ್ಟೇ ಹೇಳಿ ನನ್ನ ತುದಿಗೆ ಹೋದೆ. ಅವಳು ಅಲ್ಲಿಂದ ನನ್ನನ್ನು ನೋಡುತ್ತಾ ನಿಂತಳು. ಮುಂದಿನ ಮಡಿಕೆಗೆ ಹತ್ತಿರ ಬಂದಾಗ:

“ನೀವು ಗಮನಿಸಿದ್ರಾ ಮಿಸ್?”

“ನನಗೆ ಮಾತು ಬರಲ್ಲ ಅಲ್ವಾ, ನೋಡೋದೇ ಕೆಲಸ.”

ಫಕ್ಕನೆ ನಕ್ಕಳು. ಈ ಸಲ ಕಣ್ಣೂ ನಕ್ಕಿತು. ಮತ್ತೆ ದೂರ. ಮತ್ತೆ ಹತ್ತಿರ.

“ಬೈತೀರಾ?”

“ಪರದೆ ಕೈಬಿಟ್ರೆ ಬೈತೀನಿ.”

ಮತ್ತೆ ಮಡಿಕೆ. ಪರದೆ ಚಿಕ್ಕದಾದಷ್ಟೂ ದಾರಿ ಚಿಕ್ಕದಾಗುತ್ತಿತ್ತು, ದನಿಯೂ ತಗ್ಗುತ್ತಿತ್ತು.

“ಹೇಳಿದ್ರೆ ನೀವು ಯಾರಿಗೂ ಹೇಳಲ್ವಾ?”

‘ಹೇಳಲ್ಲ’ ಎಂದುಬಿಡುವುದು ಸುಲಭವಿತ್ತು. ಆದರೆ ನಿಜ ಹೇಳಿದೆ: “ನಿನಗೆ ಅಪಾಯ ಅನ್ನೋ ಥರ ಏನಾದ್ರೂ ಇದ್ರೆ, ಸಹಾಯ ಮಾಡೋಕೆ ಆಗೋರಿಗೆ ಹೇಳಲೇಬೇಕು. ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೆ ಹೇಳ್ತೀನಿ. ಬೇರೆ ಏನಿದ್ರೂ ನನ್ನ ಹತ್ರಾನೇ ಇರುತ್ತೆ.”

ಅವಳು ಒಂದು ಇಡೀ ಮಡಿಕೆ ಯೋಚಿಸಿದಳು. ಆಟದ ಮೇಷ್ಟ್ರು ಒಂದು ಚೆಂಡು ಬೀಳಿಸಿ, ಹಿಂದೆ ಓಡಿ ಹಿಡಿದರು. ಪರದೆ ಒಂದು ದಿಂಬಿನಷ್ಟಾದಾಗ, ಇಬ್ಬರ ಕೈಯೂ ಅದರ ಅಡಿಯಲ್ಲಿದ್ದಾಗ, ಅವಳು ಹೇಳಿದಳು.

ಮಾನ್ಯರೇ, ಈಗ ತಾವು ಮುಂದಕ್ಕೆ ಬಾಗಿರುತ್ತೀರಿ. ದಯವಿಟ್ಟು ಕುರ್ಚಿಗೆ ಒರಗಿ ಕೂತುಕೊಳ್ಳಿ. ಅವಳು ಏನು ಹೇಳಿದಳೆಂದು ನಾನು ಬರೆಯುವುದಿಲ್ಲ. ಕಥೆ ಓದುತ್ತಲೇ ಬೆಳೆದವಳು ನಾನು, ಇಷ್ಟು ದೂರ ಕರೆತಂದು ಬಾಗಿಲು ಹಾಕಿದರೆ ಎಷ್ಟು ಸಿಟ್ಟು ಬರುತ್ತದೆಂದು ಬಲ್ಲೆ. ಆದರೆ ಇದು ಕಥೆಯಲ್ಲ, ಅವಳದು. ಇಷ್ಟು ಮಾತ್ರ ಹೇಳಬಹುದು, ಇದಕ್ಕೆ ಅವಳ ಒಪ್ಪಿಗೆ ಇದೆ: ಅಪಾಯದ ಸಂಗತಿ ಅಲ್ಲ, ಅವಳಿಗೆ ಗಮನದ ಕೊರತೆ ಇರಲಿಲ್ಲ. ಗಮನ ಪೂರ್ತಿಯಾಗಿ ಒಬ್ಬರ ಮೇಲಿತ್ತು, ಆ ಒಬ್ಬರು ನಾವಾಗಿರಲಿಲ್ಲ ಅಷ್ಟೇ. ತನ್ನವರೊಬ್ಬರ ಬಗ್ಗೆ ಆತಂಕ ಪಡುವ ಮಗುವನ್ನು ನಾವು ಬಲ್ಬು ಮಾಡಿದೆವು.

ಪವಾಡ ಏನೂ ಆಗಲಿಲ್ಲ. ಒಂದು ಸಣ್ಣ ಒಪ್ಪಂದ ಮಾಡಿಕೊಂಡೆವು. ಅವಳು ಬೆಂಚು ಬದಲಾಯಿಸಿದಳು, ತಾನೇ ಆರಿಸಿಕೊಂಡ ಜಾಗಕ್ಕೆ. ಮನಸ್ಸು ಹೊರಟುಹೋಗುತ್ತಿದೆ ಅನ್ನಿಸಿದಾಗ ಪೆನ್ನಿನ ಮುಚ್ಚಳ ತೆಗೆದು ಮೇಜಿನ ಮೇಲಿಡುತ್ತಾಳೆ. ನಾನು ಓಡಾಡುತ್ತಾ ಹೋಗಿ ಪುಟದ ಮೇಲೆ ಬೆರಳಿಟ್ಟು, ಅಲ್ಲಿಂದ ಮುಂದಕ್ಕೆ ಓದುತ್ತೇನೆ. ತರಗತಿಗೆ ಗೊತ್ತೇ ಆಗುವುದಿಲ್ಲ. ಗಣಿತದ ಸರ್‌ಗೆ ಕಾರಣ ಹೇಳದೆ ಮುಚ್ಚಳದ ವಿಷಯ ಮಾತ್ರ, ಅವಳನ್ನು ಕೇಳಿಯೇ, ಹೇಳಿದೆ. “ಅಯ್ಯೋ, ಇಷ್ಟೇನಾ? ನಾನು ಸುಮ್ನೆ ಗಂಟಲು ಹರ್ಕೊಂಡೆ” ಎಂದರು. ಈಗ ಅವರೂ ಬೆರಳಿಡುತ್ತಾರೆ. ಸ್ವಲ್ಪ ಜೋರಾಗಿಯೇ ಇಡುತ್ತಾರೆ, ಬೆಂಚು ಟಕ್ಕೆನ್ನುತ್ತದೆ. ಆದರೂ. ಕಳೆದ ವಾರ ಅವಳು ಕೈ ಎತ್ತಿ ಪ್ರಶ್ನೆ ಕೇಳಿದಳು. ನಾನು ಕೆಂಪಾದೆ.

ಇಷ್ಟಕ್ಕೇ ಮುಗಿದಿದ್ದರೆ ತಮಗೆ ಈ ಪತ್ರದ ಕಾಟ ಇರುತ್ತಿರಲಿಲ್ಲ. ನಿನ್ನೆ ತಾವು ತಪಾಸಣೆಗೆ ಬಂದಿರಿ. ಹಲವು ಶಾಲೆಗಳನ್ನು ಸುತ್ತಿದಿರಂತೆ, ನಮ್ಮದು ಯಾವುದೆಂದು ನೆನಪಿರಲಾರದು. ತಾವು ಹೋದಮೇಲೆ ದೊಡ್ಡ ಮೇಡಂ ನನ್ನನ್ನು ಕರೆದರು. ಪುಣ್ಯಕ್ಕೆ ಧ್ವನಿವರ್ಧಕದಲ್ಲಲ್ಲ.

“ಅಲ್ಲಮ್ಮಾ, ಆ ಹುಡುಗಿ ಜೊತೆ ಒಂದೇ ಸಲ ಮಾತಾಡಿದ್ದೀಯ ಅಂತ ದಾಖಲೆಯಲ್ಲಿದೆ. ಅದರಲ್ಲೂ ಏನೂ ತಿಳಿದಿಲ್ಲ ಅಂತ.”

“ಆಮೇಲೆ ಮಾತಾಡಿದೆ ಮೇಡಂ. ಈಗ ಪರವಾಗಿಲ್ಲ ಅವಳು.”

“ದೀಪ ಹತ್ತಿತ್ತಾ?”

“ಇಲ್ಲ ಮೇಡಂ. ಪರದೆ ಮಡಿಸ್ತಾ ಇದ್ವಿ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ದೀಪ ಹತ್ತದೆ ಮಾತಾಡಿದ್ರೆ ಅದನ್ನ ಮಾತು ಅಂತ ನಾನು ಹೇಗೆ ತೋರಿಸ್ಲಿ? ಸಾಹೇಬ್ರು ಕಟ್ಟುನಿಟ್ಟಾಗಿ ಹೇಳಿ ಹೋಗಿದ್ದಾರೆ. ಸೋಮವಾರ ಪರಿಶೀಲನಾ ಸಭೆ. ಕಾರಣ ಏನು ಅಂತ ಎಲ್ಲರ ಮುಂದೆ ಹೇಳ್ಬಿಡು. ಇಲ್ಲಾಂದ್ರೆ ಅವಳನ್ನ ಪುನರಭ್ಯಾಸ ವಿಭಾಗಕ್ಕೆ ಹಾಕ್ತಾರೆ.” ಆಮೇಲೆ ದನಿ ತಗ್ಗಿಸಿ, “ಏನಂತೆ? ನನಗಾದ್ರೂ ಹೇಳು” ಎಂದರು.

ಪುನರಭ್ಯಾಸ ವಿಭಾಗವೆಂದರೆ ಹಿಂದಿನ ಕಟ್ಟಡ. ಅಲ್ಲಿಗೆ ಹೋದ ಮಕ್ಕಳು ಮರಳಿ ಬಂದದ್ದನ್ನು ನಾನು ಕಂಡಿಲ್ಲ. ಅಂದರೆ ಲೆಕ್ಕ ಹೀಗಾಯಿತು: ಅವಳ ಗುಟ್ಟನ್ನು ಸಭೆಗೆ ಒಪ್ಪಿಸಿದರೆ ಅವಳು ತನ್ನ ತರಗತಿಯಲ್ಲಿ ಉಳಿಯುತ್ತಾಳೆ, ಆದರೆ ಇನ್ನೆಂದೂ ಯಾರಿಗೂ ಏನನ್ನೂ ಹೇಳುವುದಿಲ್ಲ. ಒಪ್ಪಿಸದಿದ್ದರೆ ಗುಟ್ಟು ಉಳಿಯುತ್ತದೆ, ಅವಳು ಹೋಗುತ್ತಾಳೆ. ಒಂದು ಮಗು ದೊಡ್ಡವರನ್ನು ನಂಬಿದ್ದಕ್ಕೆ ಇಂಥ ಬಹುಮಾನವನ್ನು ಯೋಚಿಸಿ ತೆಗೆಯಲು ಎಷ್ಟು ಸಭೆಗಳು ಬೇಕಾದವು? ಅವಳು ಕಲಿಯುತ್ತಿದ್ದಾಳೆ, ಮತ್ತೆ ಪ್ರಶ್ನೆ ಕೇಳುತ್ತಿದ್ದಾಳೆ, ಇದನ್ನು ತಿಳಿಯಲು ತರಗತಿಯ ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಕೂತರೆ ಸಾಲದೇ? ಕಾರಣ ತಿಳಿದು ಸಭೆ ಮಾಡುವುದೇನು? ನಡಾವಳಿಯಲ್ಲಿ ಬರೆದು, ಓದಿ, ಸಹಿ ಹಾಕಿಸಿ, ಮುಂದಿನ ಸಭೆಯಲ್ಲಿ ಅನುಮೋದಿಸುವುದೇ?

ಆದ್ದರಿಂದ ಕೇಳಿಕೊಳ್ಳುತ್ತೇನೆ. ಮಕ್ಕಳನ್ನು ಇಂಥ ಮಾತಿಗೆ ಧ್ವನಿವರ್ಧಕದಲ್ಲಿ ಕರೆಯುವುದು ಇವತ್ತೇ ನಿಲ್ಲಲಿ. ಗುಮಾಸ್ತರಿಗೆ ಮುಂದಿನ ವಾರ್ಷಿಕೋತ್ಸವದಲ್ಲಿ ಒಂದು ಒಳ್ಳೆಯ ಪಾತ್ರ ಕೊಡೋಣ. ಹಳದಿ ದೀಪವನ್ನು ಬಿಚ್ಚಿ ಹೆಣ್ಣುಮಕ್ಕಳ ಶೌಚಾಲಯದ ಓಣಿಗೆ ಹಾಕಿಸಿ, ಅಲ್ಲಿ ಕತ್ತಲೆ. ಮಾತಾಡುವ ಜಾಗವನ್ನೂ ಹೊತ್ತನ್ನೂ ಮಗುವೇ ಆರಿಸಲಿ. ಎಲ್ಲರ ಕಣ್ಣಿಗೆ ಬೀಳುವಂತಿರಲಿ, ಯಾರ ಕಿವಿಗೂ ಬೀಳದಂತಿರಲಿ. ಭೂಪಟ ಸುತ್ತುವುದು, ಪುಸ್ತಕ ಜೋಡಿಸುವುದು, ಗಿಡಕ್ಕೆ ನೀರು ಹಾಕುವುದು, ಇವೆಲ್ಲ ಶಾಲೆಯಲ್ಲಿ ದಂಡಿಯಾಗಿವೆ. ತಾವು ನಮ್ಮನ್ನು ಎರಡು ಪ್ರಶ್ನೆ ಕೇಳಿ: ಮಗು ಕ್ಷೇಮವೇ? ಕಲಿಯುತ್ತಿದೆಯೇ? ಕ್ಷೇಮವಿಲ್ಲವೆಂದರೆ ಯಾರಿಗೆ ತಿಳಿಸಬೇಕೋ ಆ ಒಬ್ಬರಿಗೆ ತಿಳಿಸುತ್ತೇವೆ. ಸಭೆಗಲ್ಲ. ಇನ್ನು ಗಾಜಿನ ಕೋಣೆ ವ್ಯರ್ಥವಾಗಬೇಕಿಲ್ಲ. ಬಿಸಿಲು ಚೆನ್ನಾಗಿ ಬೀಳುತ್ತದೆ, ಟೊಮೇಟೊ ಬೆಳೆಯಬಹುದು.

ಬಿಡುವಿನಲ್ಲಿ ಬರೆದ ಈ ಪತ್ರವನ್ನು ಶಾಲೆ ಬಿಟ್ಟಮೇಲೆ ಅವಳಿಗೆ ಓದಲು ಕೊಟ್ಟೆ. ಜಗಲಿಯಲ್ಲಿ, ಪ್ರಬಂಧ ತಿದ್ದಿಸಿಕೊಳ್ಳುವವಳ ಹಾಗೆ ನಿಂತು ಓದಿದಳು. ಎರಡು ಸಾಲು ಹೊಡೆದುಹಾಕಿದಳು. “ಇಲ್ಲಿ ನನ್ನನ್ನ ತುಂಬಾ ಪಾಪದವಳ ಥರ ಮಾಡಿದ್ದೀರ ಮಿಸ್, ತೆಗೀರಿ” ಎಂದಳು. ತೆಗೆದೆ. “ಮೂಗಿಂದು ಇರಲಿ” ಎಂದಳು. ಮನೆಯಲ್ಲಿ ಶುದ್ಧಪ್ರತಿ ಮಾಡುತ್ತಿರುವಾಗ ಅಮ್ಮ ಹೆಗಲ ಮೇಲಿಂದ ಇಣುಕಿ, “ಅಂಗಡೀಲಿ ಚಿಲ್ಲರೆ ವಾಪಸ್ ಕೇಳೋಕೆ ನಾಚ್ಕೋತೀಯ, ಅಧಿಕಾರಿಗೆ ಹೀಗೆ ಬರೀತೀಯಾ? ನಾಳೆ ಕೆಲಸ ಹೋದ್ರೆ?” ಎಂದಳು. ಆಮೇಲೆ, “ಬಾ, ಹೊದಿಕೆ ಮಡಿಸೋದಿದೆ” ಎಂದು ಕರೆದಳು. ಮಡಿಸಿದೆವು. ಅಲ್ಲಿ ಆಡಿದ ಮಾತೂ ತಮಗೆ ಸಿಗುವುದಿಲ್ಲ.

ಅಂದಹಾಗೆ, ಆಯಾ ಸಂಜೆ ಮತ್ತೆ ಕೇಳಿದರು, ಆ ಎತ್ತರದ ಮೂಗು ಯಾರದೆಂದು. ನಮ್ಮ ಶಾಲೆಯಲ್ಲಿ ಅಷ್ಟು ಎತ್ತರದ ಕನ್ನಡಕದವರು ಯಾರೂ ಇಲ್ಲ. ನಿನ್ನೆ ಒಬ್ಬರು ಬಂದಿದ್ದರು. “ಗೊತ್ತಿಲ್ಲಮ್ಮ” ಎಂದೆ. ನಾನು ಗುಟ್ಟು ಕಾಯಬಲ್ಲೆ ಎಂಬುದಕ್ಕೆ ತಮಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗಲಾರದು.

ಸೋಮವಾರದ ಸಭೆಯಲ್ಲಿ ಎದ್ದು ನಿಲ್ಲುತ್ತೇನೆ. ಮುಖ ಕೆಂಪಾಗುತ್ತದೆ, ಗೊತ್ತು. ‘ಕಾರಣ ನನಗೆ ತಿಳಿದಿದೆ, ಹೇಳುವುದಿಲ್ಲ, ಅವಳು ನನ್ನ ತರಗತಿಯಲ್ಲೇ ಇರುತ್ತಾಳೆ, ನಂಬಿಕೆ ಇಲ್ಲದಿದ್ದರೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿ’ ಎಂದು ಹೇಳಿ ಕೂರುತ್ತೇನೆ. ಅಷ್ಟನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೇನೆ.

ಅದಕ್ಕೆ ಮುಂಚೆ ನಾಳೆ ಒಂದು ಕೆಲಸವಿದೆ. ನಮ್ಮ ತರಗತಿಯ ಮೂರನೇ ಬೆಂಚಿನಲ್ಲಿ ಇನ್ನೊಬ್ಬಳು, ಕೆಲವು ದಿನಗಳಿಂದ, ಒಂದೇ ಪುಟ ತೆರೆದುಕೊಂಡು ಕೂರುತ್ತಿದ್ದಾಳೆ. ಪರದೆಯನ್ನೋ ನಾವು ಅಚ್ಚುಕಟ್ಟಾಗಿ ಮಡಿಸಿಟ್ಟುಬಿಟ್ಟಿದ್ದೇವೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅದನ್ನು ಬಿಚ್ಚಿ ಹರಡುತ್ತೇನೆ.

ಇಂತಿ,
ಹೆಸರು ಹಾಕುವಷ್ಟು ಧೈರ್ಯ ಇನ್ನೂ ಬಾರದ,
ತಮ್ಮ ವ್ಯಾಪ್ತಿಯ ಒಂದು ಶಾಲೆಯ, ದೀಪ ಹಚ್ಚದೆ ಮಾತಾಡುವ
ಕಿರಿಯ ಭಾಷಾ ಶಿಕ್ಷಕಿ